ಅಕ್ಕ ಹೆಣೆದ ನೂಲಿನ ಕೈಗವಸು

ಅಕ್ಕನ ಕೈಗಳಲ್ಲಿ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ತೊನ್ನಿನ ಬಿಳುಪು ಹಬ್ಬಿತ್ತು. ಗೆಣ್ಣುಗಳ ಮೇಲೆ ಮಾತ್ರ ಹಳೆಯ ಗೋಧಿ ಬಣ್ಣ ಅಲ್ಲಲ್ಲಿ ಉಳಿದಿತ್ತು. ಅಹಮದಾಬಾದಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎದುರು ಮನೆಯವರು, ಧಾರವಾಡದ ಕಡೆಯವರು. ಗಂಡ ತೀರಿದ ಮೇಲೂ ಮಗಳಿಗಾಗಿ ಇಲ್ಲೇ ಉಳಿದರು.

ಸ್ಕೂಟರಿನ ಹುಡುಗಿಯರಿಗೆ ಬಿಸಿಲು ತಡೆಯಲು ಮೊಣಕೈವರೆಗಿನ ಕೈಗವಸು ಹೆಣೆದುಕೊಡುತ್ತಿದ್ದರು. ಅದಕ್ಕೆ ಸಣ್ಣ ಹತ್ತಿ ನೂಲೇ ಆಗಬೇಕು. ಮಿಲ್ಲಿನಲ್ಲಿ ಉರಿಯ ನಡುವೆ ಸರ್ರನೆ ಹಾಯಿಸಿ, ಮೇಲಿನ ನವಿರೆಲ್ಲ ಸುಟ್ಟು ನುಣುಪು ಮಾಡಿದ್ದು. ಅಂಗಡಿಯಲ್ಲಿ ಕೆನ್ನೆಗೆ ಉಜ್ಜಿ ನೋಡಿ ಆರಿಸುವರು. "ನೂಲು ಉರಿಯಾಗ ಓಡಿದ್ರ ಹೊಳೀತದ, ನಿಂತ್ರ ಸುಡತದ. ನಿಮ್ಮಂಗ ಕುರ್ಚಿ ಹಿಡದು ಕೂತ್ರ ಬೂದಿನ" ಎಂದು ನನ್ನನ್ನು ಕೆಣಕುವರು. ನಾನು ಆಗ ಇಲ್ಲಿನ ಕನ್ನಡದವರ ಸಂಘಕ್ಕೆ ಕಾರ್ಯದರ್ಶಿ.

ತಮಗಾಗಿ ಒಂದು ಜೊತೆಯನ್ನೂ ಹೆಣೆದುಕೊಂಡಿರಲಿಲ್ಲ. "ಮುಚ್ಚಲಿಕ್ಕೆ ನನ್ನ ಕೈಗೇನಾಗೇದ?" ಎನ್ನುವರು.

ಸಂಘದ ಗಣಪತಿ ಹಬ್ಬದ ಊಟದಲ್ಲಿ ಕೋಸಂಬರಿ ಬಡಿಸುವುದು ಪ್ರತಿವರ್ಷ ಅವರೇ. ಒಂದು ವರ್ಷ, ಹೊಸದಾಗಿ ವರ್ಗವಾಗಿ ಬಂದಿದ್ದ ಅಧಿಕಾರಿಯ ಹೆಂಡತಿ ಎಲೆಯ ಮುಂದೆ ಕೂತು, "ಸೆಕ್ರೆಟರಿ ಸಾರ್, ಆ ಕೈಯಿಂದಾನಾ?" ಎಂದರು. ತೊನ್ನು ಅಂಟುವುದಿಲ್ಲವೆಂದು ನನಗೆ ಗೊತ್ತಿತ್ತು. ಹಾಗೆಂದು ಹೇಳಬಹುದಿತ್ತು. ಹೇಳದೆ ಅಕ್ಕನ ಬಳಿ ಹೋಗಿ, "ಅಕ್ಕಾರ, ಇವತ್ತೊಂದಿನ ಗವಸು ಹಾಕ್ಕೊಂಡು ಬಡಸ್ರಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಯಾರಿಗೋ ಕೊಡಲು ತಂದಿದ್ದ ಹೊಸ ಜೊತೆಯನ್ನು ಚೀಲದಿಂದ ತೆಗೆದು ಹಾಕಿಕೊಂಡರು. ಒಂದು ಪಂಕ್ತಿ ಮುಗಿಯುವಷ್ಟರಲ್ಲಿ ಆ ಬಿಳಿ ನೂಲು ಕೋಸಂಬರಿಯ ಒಗ್ಗರಣೆಗೆ ನೆನೆದು ಅರಿಸಿನ ಬಣ್ಣಕ್ಕೆ ತಿರುಗಿತ್ತು. ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, "ಇನ್ನ ನೀವ ಬಡಸ್ರಿ. ನಿಮ್ಮ ಕೈ ಛಂದ ಅವ" ಎಂದರು. ಊಟ ಮಾಡದೆ ಹೋದರು.

ಮರುವರ್ಷ ಕರೆಯಲು ಹೋದಾಗ ಚಹಾ ಕೊಟ್ಟರು; ಹಬ್ಬಕ್ಕೆ ಬರಲಿಲ್ಲ. ನಾನೂ ಮತ್ತೆ ಕರೆಯಲಿಲ್ಲ. ಹೆಣೆಯುವುದನ್ನೂ ಬಿಟ್ಟರು. ಹುಡುಗಿಯರು ಬಂದು ಬಾಗಿಲು ತಟ್ಟಿ, "ಮಾಸಿ, ಮಾಸಿ" ಎಂದು, ಚಿಕ್ಕಮ್ಮನನ್ನು ಕೂಗುವಂತೆ, ಕರೆದು ಹೋಗುತ್ತಿದ್ದುದು ನಮ್ಮ ಮನೆಗೆ ಕೇಳಿಸುತ್ತಿತ್ತು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಮಗಳು ನನ್ನ ಪಕ್ಕ ಬಂದು ಕೂತಳು. ಇಲ್ಲೇ ಬೆಳೆದವಳು, ಕನ್ನಡ ಅಷ್ಟಕ್ಕಷ್ಟೆ. "ಅಂಕಲ್, ಮಮ್ಮಿಗೆ ಬಡಿಸೋದು ಇಷ್ಟ ಇತ್ತು ನಾ? ಯಾಕೆ ಬಿಟ್ಟಳು? ಎಷ್ಟು ಸಲ ಕೇಳಿದೆ, ಬೋಲಾ ಹೀ ನಹೀಂ, ಹೇಳಲೇ ಇಲ್ಲ. ನಿಮಗೆ ಗೊತ್ತಾ?"

ನನ್ನ ಹೆಸರನ್ನು ಅಕ್ಕ ಮಗಳ ಮುಂದೆಯೂ ಎತ್ತಿರಲಿಲ್ಲ.

"ಗೊತ್ತಿಲ್ಲವ್ವಾ" ಎಂದೆ.

ಅದು ಸುಳ್ಳೆಂದು ಈಗ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಬಲ್ಲವರು ಯಾರಾದರೂ ಅವಳಿಗೆ ಓದಿ ಹೇಳಲಿ.