ಬೆನ್ನಿಗೆ ಹತ್ತಿದ ಮಣ್ಣು

ನಮ್ಮ ಕಡೆ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಹೇಗೆ ಸತ್ತರು ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ಮಣ್ಣು ಮಾಡುವುದು ಎಷ್ಟು ಹೊತ್ತಿಗೆ ಎಂದು. ಬಸ್ಸು ಹಿಡಿಯಬೇಕು, ಒಲೆ ಆರಿಸಿ ಹೊರಡಬೇಕು, ಹೊಲಕ್ಕೆ ಆಳು ಹೇಳಿದ್ದರೆ ಬೇಡವೆನ್ನಬೇಕು. ಹೀಗಾಗಿ, ಅಣ್ಣನೂ ನಾನೂ ನಮ್ಮ ಪೈಲ್ವಾನ ಎನ್ನುತ್ತಿದ್ದ ಅಮೆರಿಕದ ಟಿವಿ ಕುಸ್ತಿಯವನು ಹಾರ್ಟ್ ಅಟ್ಯಾಕ್ ಆಗಿ ಸತ್ತನಂತೆ ಎಂದು ನಾನು ಮೊಬೈಲು ನೋಡಿ ಹೇಳಿದಾಗ, ಬೈಲಹೊಂಗಲದ ನನ್ನ ತವರಿನ ಪಡಸಾಲೆಯಲ್ಲಿ ಮಲಗಿದ್ದ ಅಣ್ಣ ಕೇಳಿದ್ದೂ ಅದನ್ನೇ.

"ಮಣ್ಣ ಎಷ್ಟೊತ್ತಿಗಂತ?"

ನನಗೆ ನಗು ಬಂತು. "ಯಾಕ, ಹೊಂಟೀಯೇನ?" ಎಂದೆ.

ಅವನು ನಗಲಿಲ್ಲ. ಅಷ್ಟು ಹೊತ್ತಿಗೆ ಅವನ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿ ಕರೆತಂದರೆ ಮರುದಿನದವರೆಗೂ ಎದ್ದು ಕೂರುತ್ತಿರಲಿಲ್ಲ. ಇನ್ನು ಹೆಚ್ಚು ದಿನ ಇಲ್ಲ ಎಂದು ದವಾಖಾನೆಯಲ್ಲಿ ನನಗೂ ಅಪ್ಪನಿಗೂ ಹೇಳಿದ್ದರು. ಅವನಿಗೆ ನಾವು ಹೇಳಿರಲಿಲ್ಲ. ಅದಕ್ಕೇ ನಾನು ಸವದತ್ತಿಯ ಗಂಡನ ಮನೆಯಿಂದ ಬಂದು ಅಲ್ಲೇ ಉಳಿದಿದ್ದೆ.

ಅಣ್ಣ ಒಂದು ಕಾಲಕ್ಕೆ ಖರೇ ಪೈಲ್ವಾನ. ಗರಡಿಮನೆಯ ಕೆಂಪು ಮಣ್ಣಿನಲ್ಲಿ ಹೊರಳಿ ಬೆಳೆದವನು. ಕಿತ್ತೂರಿನ ಹತ್ತಿರ ದೇಗಾಂವದ ಕುಸ್ತಿಯಲ್ಲಿ ಎದುರಾಳಿ ಅವನನ್ನು ಎತ್ತಿ ಒಗೆದ. ಎರಡೂ ಭುಜ ಮಣ್ಣಿಗೆ ಹತ್ತಿದವು, ಚಿತ್ ಆಗಿ ಸೋತ. ಬಲಭುಜದ ಕೀಲು ಕಿತ್ತುಬಂತು. ಅಲ್ಲಿಗೆ ಅವನ ಕುಸ್ತಿ ಮುಗಿಯಿತು, ನೋವು ಮುಗಿಯಲಿಲ್ಲ. ಔಷಧ ಅಂಗಡಿಯಿಂದ ನೋವಿನ ಗುಳಿಗೆ ತಂದು ವರ್ಷಗಟ್ಟಲೆ ಹುರಿದ ಶೇಂಗಾ ತಿಂದ ಹಾಗೆ ತಿಂದ. ಆ ಗುಳಿಗೆಗಳೇ ಕಿಡ್ನಿಯನ್ನು ತಿಂದವು ಎಂದು ಡಾಕ್ಟರು ಹೇಳಿದ್ದು ಬಹಳ ತಡವಾಗಿ.

ಗರಡಿಮನೆ ಬಿಟ್ಟ ಮೇಲೆ ಅವನಿಗೆ ಉಳಿದದ್ದು ಟಿವಿ ಕುಸ್ತಿ ಮತ್ತು ನಾನು. ಆಗ ನನಗಿನ್ನೂ ಮದುವೆಯಾಗಿರಲಿಲ್ಲ, ಸಂಜೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ಕೂರುತ್ತಿದ್ದೆ. "ಸುಳ್ಳ ಕುಸ್ತಿ ನೋಡಕೋತ ಕುಂತಾವ ನೋಡ, ಅಣ್ಣಾ ತಂಗಿ ಎರಡೂ," ಎಂದು ಅಪ್ಪ ಗೊಣಗುತ್ತಿದ್ದ. ನನಗೆ ಈ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಸುಳ್ಳೆಂದು ಗೊತ್ತಿಲ್ಲದಷ್ಟು ದಡ್ಡರೇ ನಾವು? ರಾಮದುರ್ಗದ ಕಡೆ ದೊಡ್ಡಾಟಕ್ಕೆ ಹೋದಾಗ ರಾಕ್ಷಸ ಸತ್ತುಬಿದ್ದದ್ದು ಸುಳ್ಳು ಎಂದು ಅಪ್ಪ ಚಾಪೆ ಸುತ್ತಿಕೊಂಡು ಎದ್ದು ಬಂದಿದ್ದನೇ? ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡಿರಬಹುದು. ಆದರೆ ಅಷ್ಟು ಎತ್ತರದಿಂದ ಬೀಳುವಾಗ ಬೀಳುವುದು ಖರೇ ಬೆನ್ನೇ. ನಮ್ಮ ಪೈಲ್ವಾನನೂ ನೋವಿನ ಗುಳಿಗೆ ನುಂಗಿಯೇ ಕಣಕ್ಕೆ ಇಳಿಯುತ್ತಿದ್ದನೆಂದು ಅವನು ಸತ್ತ ಮೇಲೆ ಓದಿದೆ. ಅದನ್ನು ಮಾತ್ರ ಅಣ್ಣನಿಗೆ ಓದಿ ಹೇಳಲಿಲ್ಲ.

ಅಣ್ಣನಿಗೆ ಆ ಕುಸ್ತಿಯಲ್ಲಿ ಹಿಡಿಸಿದ್ದು ಒಂದೇ ನಿಯಮ. ಬೆನ್ನು ನೆಲಕ್ಕೆ ಹತ್ತಿದರೂ ರೆಫ್ರಿ ನೆಲಕ್ಕೆ ಕೈ ಬಡಿದು ಮೂರು ಎಣಿಸುವವರೆಗೆ ಸೋಲಲ್ಲ. ನಮ್ಮ ಪೈಲ್ವಾನ ಸತ್ತವನ ಹಾಗೆ ಬಿದ್ದಿರುತ್ತಿದ್ದ. ಒಂದು ಎನ್ನುತ್ತಿದ್ದರು, ಎರಡು ಎನ್ನುತ್ತಿದ್ದರು, ಮೂರನೆಯ ಏಟು ಬೀಳುವ ಮುಂಚೆ ಅವನ ಭುಜ ಮೇಲೇಳುತ್ತಿತ್ತು. ಪ್ರತಿ ಸಲವೂ ಗೊತ್ತಿತ್ತು, ಪ್ರತಿ ಸಲವೂ ನನ್ನ ಉಸಿರು ನಿಲ್ಲುತ್ತಿತ್ತು.

"ನೋಡ ತಂಗಿ, ಇವರೊಳಗ ಮೂರ ಎಣಸೂಮಟ ಟೈಮ್ ಕೊಡ್ತಾರ," ಎನ್ನುತ್ತಿದ್ದ ಅಣ್ಣ. "ನಮ್ಮ ಕಡೆ ಕೊಡೂದಿಲ್ಲ. ಮಣ್ಣ ಹತ್ತಿತೋ, ಮುಗೀತು."

ಸುದ್ದಿ ಬಂದ ದಿನ ಅವನು ಬಹಳ ಹೊತ್ತು ನಂಬಲಿಲ್ಲ. "ಆಟದಾಗ ಸತ್ತಿರ್ತಾನ. ಹೋದ ಸಲಾನೂ ಪೆಟ್ಟಿಗ್ಯಾಗ ಹಾಕಿ ಮೊಳಿ ಹೊಡದಿದ್ರಲ್ಲ, ಬಂದನಿಲ್ಲೋ?"

"ಈ ಸಲ ಖರೇ ಐತಿ ಅಣ್ಣಾ," ಎಂದು ಫೋಟೋ ತೋರಿಸಿದೆ. ಅದರಲ್ಲಿ ಅವನ ಹೆಂಡತಿ ಅಳುತ್ತಿದ್ದಳು. ಟಿವಿಯಲ್ಲಿ ಅತ್ತ ಹಾಗೆ ಅಲ್ಲ, ಮುಖ ಕೆಡಿಸಿಕೊಂಡು ಅಳುತ್ತಿದ್ದಳು. ಅಣ್ಣ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಹಿಂದಕ್ಕೆ ಕೊಟ್ಟ.

"ಅವರೊಳಗ ಹೆಂಗ ಹುಗೀತಾರ?"

"ಪೆಟ್ಟಿಗ್ಯಾಗ. ಅಂಗಾತ ಮಲಗಿಸಿ."

"ಹಂಗಾರ ಚಿತ್ ಆದ ಬಿಡು."

ನಾನು ಮೊಬೈಲು ಕೆಳಗಿಟ್ಟೆ. ಅವನೇ ಮತ್ತೆ ಅಂದ, "ನಮ್ಮ ಪದ್ಧತಿ ಛಲೋ ಐತಿ ತಂಗಿ. ಕುಂದ್ರಸ್ತಾರ. ಸತ್ತರೂ ಬೆನ್ನಿಗೆ ಮಣ್ಣ ಹತ್ತೂದಿಲ್ಲ. ದೇಗಾಂವದಾಗ ಹತ್ತಿದ್ದ ಸಾಕು. ನೀ ಅಲ್ಲೇ ನಿಂತ ನೋಡ, ಮತ್ತ. ನೀನ ರೆಫ್ರಿ."

ಲಿಂಗಾಯತರಾದ ನಮ್ಮಲ್ಲಿ ಕುಣಿ ತೋಡಿ, ಅದರ ಗೋಡೆಗೆ ಗೂಡು ಕೊರೆದು, ಸತ್ತವರನ್ನು ಕಾಲು ಮಡಿಸಿ ಕೂರಿಸಿ ಹೂಳುತ್ತಾರೆ. ನಾವು ಮುಚ್ಚಿಟ್ಟಿದ್ದು ಅವನಿಗೆ ಯಾವಾಗಲೋ ಗೊತ್ತಾಗಿತ್ತು. "ಹೂಂ, ನೋಡತೇನಿ," ಎಂದೆ.

ಆಮೇಲೆ ಅವನು ಹಳೆಯ ಕುಸ್ತಿಗಳನ್ನು ಮೊಬೈಲಿನಲ್ಲಿ ಹಾಕಿಸಿಕೊಂಡು ನೋಡುತ್ತಿದ್ದ. ನಮ್ಮ ಪೈಲ್ವಾನ ಬೀಳುತ್ತಿದ್ದ, ಏಳುತ್ತಿದ್ದ. ಸತ್ತವನು ಏಳುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಸೋಯಾಬೀನ್ ರಾಶಿ ಮುಗಿದ ವಾರ ಅಣ್ಣ ಹೋದ, ದವಾಖಾನೆಯಿಂದ ಮನೆಗೆ ತರುವಾಗ ಗಾಡಿಯಲ್ಲೇ. ಸಿರಸಂಗಿಯಿಂದ ಚಿಕ್ಕಮ್ಮ ಫೋನು ಮಾಡಿ, "ಮಣ್ಣ ಎಷ್ಟೊತ್ತಿಗವಾ?" ಎಂದು ಕೇಳಿದಳು. ಹೇಳಿದೆ.

ನಮ್ಮ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಹೆಂಗಸರನ್ನು ದಾಟಿಕೊಂಡು ಹೋಗಿ ಅಂಚಿಗೆ ನಿಂತೆ. ವಿಭೂತಿ ಹಚ್ಚಿ, ಹೂವು ಹಾಕಿ, ಅವನನ್ನು ಇಳಿಸಿ ಗೂಡಿನಲ್ಲಿ ಕೂರಿಸಿದರು. ಅವನು ಕೂರಲಿಲ್ಲ. ತಲೆ ಎದೆಗೆ ಬಿತ್ತು, ಮೈಯೆಲ್ಲ ಮುಂದಕ್ಕೆ ಬಾಗಿತು. ಒಳಗಿದ್ದ ಇಬ್ಬರು ಅವನ ಒಂದೊಂದು ಭುಜ ಹಿಡಿದು ಹಿಂದಕ್ಕೆ ನೂಕಿ, ಹಸಿ ಮಣ್ಣಿನ ಗೋಡೆಗೆ ಒತ್ತಿದರು.

"ಬೆನ್ನ ಹತ್ತೇತಿ," ಎಂದೆ. ಯಾರೂ ತಿರುಗಿ ನೋಡದಿದ್ದಾಗ ಗಟ್ಟಿಯಾಗಿ ಅಂದೆ, "ಭುಜಾ ಹತ್ತ್ಯಾವ ನೋಡ್ರಿ. ಸ್ವಲ್ಪ ಮುಂದಕ ಸರಸ್ರಿ."

ಒಳಗಿದ್ದ ಹಿರಿಯರು ತಲೆಯೆತ್ತಿ, "ಹಂಗ ಬಿಟ್ರ ಬೀಳ್ತಾನವಾ," ಎಂದರು. ದುಃಖಕ್ಕೆ ಹುಚ್ಚು ಹಿಡಿದಿದೆ ಎಂದುಕೊಂಡು ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ನಾನು ಕೊಸರಿಕೊಂಡು ಅಲ್ಲೇ ಕುಳಿತೆ. ಇಬ್ಬರೂ ಕೈ ಬಿಟ್ಟು ಮೇಲೆ ಹತ್ತಿ ಬಂದರು. ಅಣ್ಣ ಗೋಡೆಗೆ ಅಂಟಿಕೊಂಡೇ ಉಳಿದ, ಎರಡೂ ಭುಜ ಮಣ್ಣಿಗೆ.

ನಾನು ಮನಸ್ಸಿನಲ್ಲೇ ಒಂದು ಎಂದೆ, ಎರಡು ಎಂದೆ.

"ಮಣ್ಣ ಹಾಕ ಬಾ, ಯವ್ವಾ," ಎಂದ ಅಪ್ಪ. ಎದ್ದು ಹೋಗಿ ಹಾಕಿದೆ.