ಇನ್ನೊಂದು ಹೊಲಿಗೆ

ಮಹಾಧಮನಿ ಹೊಲಿಯುವುದನ್ನು ನಾನು ಮೊದಲು ಕಲಿತದ್ದು ಆಡಿನ ರಕ್ತನಾಳದ ಮೇಲೆ. ಅದನ್ನು ಕಟುಕರ ಅಂಗಡಿಯಿಂದ ಡಬ್ಬಿಯಲ್ಲಿ ತಂದು ಫ್ರಿಜ್ಜಿನಲ್ಲಿಟ್ಟ ದಿನ, ಕುರುಗೋಡಿನಿಂದ ಬಂದಿದ್ದ ಅವ್ವ ಮೊಸರೆಂದು ಮುಚ್ಚಳ ತೆಗೆದುಬಿಟ್ಟಳು.

“ಅಯ್ಯ ಶಿವನೇ! ಲಿಂಗ ಕಟ್ಟಿದವ್ರ ಮನ್ಯಾಗ ಇದೇನ್ ತಂದಿಯಲೇ?”

ನಾನೂ ಸುಮ್ಮನಿರುವವಳಲ್ಲ. “ಮತ್ತ ಮಂದಿ ಮ್ಯಾಲ ಕಲೀಲೇನು?” ಎಂದೆ. ಅಂದಿನಿಂದ ನನ್ನ ಹೊಲಿಗೆ ಮಾಳಿಗೆಯ ಮೇಲಕ್ಕೆ ಹೋಯಿತು.

ನಮ್ಮ ಸೂಜಿ ಬಾಗಿರುತ್ತದೆ. ಅದರ ಬಾಗಿಗೆ ತಕ್ಕಂತೆ ಮಣಿಕಟ್ಟು ತಿರುಗಬೇಕು. ನೇರ ಎಳೆದರೆ ತೂತು ಸೀಳಾಗುತ್ತದೆ. ಆಡಿನ ನಾಳ ಗಟ್ಟಿ. ನನ್ನ ಅವಸರವನ್ನೆಲ್ಲ ತಡೆದುಕೊಂಡಿತು.

ಸಿರುಗುಪ್ಪದ ಕಡೆಯ ಕರೂರಿನಿಂದ ಬಂದ ಹೆಣ್ಣುಮಗಳೊಬ್ಬಳ ನಾಳ ಹಾಗಿರಲಿಲ್ಲ. ಭತ್ತ ನಾಟಿ ಮಾಡುತ್ತಿದ್ದವಳು ಎದೆ ಹಿಡಿದುಕೊಂಡು ಗದ್ದೆಯಲ್ಲೇ ಕುಸಿದಿದ್ದಳು. ಗಂಡ ಸಿರುಗುಪ್ಪಕ್ಕೆ ಒಯ್ದು, ಅಲ್ಲಿಂದ ಬಳ್ಳಾರಿಯ ನಮ್ಮ ಆಸ್ಪತ್ರೆಗೆ ತಂದಿದ್ದ. ಹೃದಯದಿಂದ ಹೊರಡುವ ಆ ದೊಡ್ಡ ನಾಳದ ಒಳಪದರ ಹರಿದಿತ್ತು. ಹರಿದ ಭಾಗ ತೆಗೆದು ಬಟ್ಟೆಯ ಕೊಳವೆ ಕೂಡಿಸಬೇಕಿತ್ತು. ಉಳಿದ ಅಂಚೋ ನೆನೆದ ಕಾಗದ. ದಾರ ಅದನ್ನು ಕೊಯ್ಯದಿರಲೆಂದು ಒಳಗೊಂದು ಹೊರಗೊಂದು ಮೆತ್ತನೆಯ ಪಟ್ಟಿ ಇಟ್ಟು, ಎಲ್ಲ ಸೇರಿಸಿ ಹೊಲಿಯಬೇಕು. ನಮ್ಮ ಹಿರಿಯ ಸರ್ಜನ್ ಮೊದಲ ಸಲ ಆ ಹೊಲಿಗೆಯನ್ನು ನನ್ನ ಕೈಗೆ ಕೊಟ್ಟರು.

ಹೊಲಿದೆ. ನಾಳವನ್ನು ಬಿಗಿದಿದ್ದ ಚಿಮಟ ಬಿಟ್ಟು ರಕ್ತ ಹರಿಯಗೊಟ್ಟಾಗ ಒಂದು ಕಡೆ ಜಿನುಗತೊಡಗಿತು. ಸೂಜಿಗೆ ಕೈ ಚಾಚಿದೆ.

“ತಡಿಯವ್ವಾ,” ಎಂದರು ಸರ್. “ಇನ್ನೊಂದು ಹೊಲಿಗಿ ಅಂದ್ರ ಇನ್ನೆರಡು ತೂತು. ಒತ್ತಿ ಹಿಡಿ.”

“ನಿಲ್ಲಲಿಲ್ಲ ಅಂದ್ರ, ಸರ್?”

“ಅಡಿಗಿ ಆಗೋತನ ತಡದಾಕಿ, ಆರೋತನ ತಡಿ.”

ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆ. ಜಿನುಗುತ್ತಿದ್ದಲ್ಲಿ ಗಾಜ್ ಬಟ್ಟೆ ಒತ್ತಿ ನಿಂತೆ. ಎತ್ತಿ ನೋಡಲು ಬೆರಳು ತುಡಿಯುತ್ತಿದ್ದವು. ಇವಳು ನನ್ನ ಕೈಯಲ್ಲೇ ಹೋಗಿಬಿಟ್ಟರೆ ಎಂಬುದೊಂದೇ ಯೋಚನೆ. ಕೊನೆಗೆ ಸರ್ ತಲೆಯಾಡಿಸಿದರು. ಮೆಲ್ಲಗೆ ಎತ್ತಿದೆ. ರಕ್ತ ನಿಂತಿತ್ತು.

ಹೊರಗೆ ಬೆಂಚು ಖಾಲಿಯಿದ್ದರೂ ಅವಳ ಗಂಡ ಗೋಡೆಗೊರಗಿ ನಿಂತೇ ಇದ್ದ.

“ಉಳದಾರ್ರಿ,” ಎಂದೆ. “ಇನ್ನೊಂದೆರಡು ದಿನ ನೋಡಬೇಕು. ಆದ್ರ ಈಗ ಉಳದಾರ.”

“ಒಳಗ ಏನ್ ಮಾಡಿದ್ರಿ ತಾಯಿ?”

“ಹೊಲದ್ವಿರಿ. ಆಮ್ಯಾಲ ಏನೂ ಮಾಡದಂಗ ಸುಮ್ನ ಹಿಡಕೊಂಡು ನಿಂತಿದ್ದೆ. ಅದಾ ಭಾಳ ಕಷ್ಟ ಆತು.”

ಅವನು ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ.

“ನಾನೂ ಮುಂಜಾನಿಂದ ಅದನ್ನಾ ಮಾಡಾಕತ್ತೀನ್ರಿ,” ಎಂದ.