ಹದಿನೇಳನೇ ಪ್ರಶ್ನೆ

1993ರ ಮೇ 3, ಸೋಮವಾರ, ಪಶ್ಚಿಮ ಸಿಡ್ನಿಯ ಒಂದು ಆರೋಗ್ಯ ಕಚೇರಿಯಲ್ಲಿ ನಾನು ತಾತ್ಕಾಲಿಕ ಸಂದರ್ಶಕಿಯಾಗಿ ಸೇರಿದೆ. ಆಗ ನನಗೆ ಇಪ್ಪತ್ನಾಲ್ಕು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಬಿ.ಎಸ್ಸಿ. ಮುಗಿಸಿ ಬಂದು, ವೆಸ್ಟ್‌ಮೀಡ್ ಸ್ಟೇಷನ್ನಿನ ಹಿಂದಿನ ಬಾಡಿಗೆ ಫ್ಲ್ಯಾಟಿನಲ್ಲಿ ಅಣ್ಣನ ಜೊತೆ ಇದ್ದೆ. ಕೆಲಸ ಸರಳ. ಇಪ್ಪತ್ತು ಪ್ರಶ್ನೆಗಳ ಒಂದು ಫಾರ್ಮ್ ಹಿಡಿದು ಮನೆಮನೆಗೆ ಹೋಗಬೇಕು, ಹೌದು ಅಥವಾ ಇಲ್ಲ ಎಂಬ ಉತ್ತರಕ್ಕೆ ಟಿಕ್ ಹಾಕಬೇಕು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಶುರುವಾಗುವ ಪ್ರಶ್ನೆಗಳು ಮೆಲ್ಲಗೆ ಮನಸ್ಸಿನ ಕಡೆಗೆ ತಿರುಗುತ್ತಿದ್ದವು. ಒಂಬತ್ತು ಹೌದುಗಳಾದರೆ ಡಿಪ್ರೆಷನ್, ಅಂದರೆ ಖಿನ್ನತೆ, ಇರಬಹುದೆಂದು ಲೆಕ್ಕ. ಹದಿನೇಳನೆಯದು ಮಾತ್ರ ಬೇರೆ: "ಬದುಕಿದ್ದು ಪ್ರಯೋಜನವಿಲ್ಲ ಎಂದು ಈಚೆಗೆ ಅನ್ನಿಸಿದೆಯೇ?" ಅದಕ್ಕೆ ಹೌದು ಎಂದರೆ ಉಳಿದ ಅಂಕ ಎಷ್ಟೇ ಇರಲಿ, ಎರಡು ದಿನದೊಳಗೆ ಕಚೇರಿಯಿಂದ ಕಾಗದ ಹೋಗಿ ವೈದ್ಯರ ಭೇಟಿ ನಿಗದಿಯಾಗಬೇಕು.

ನನ್ನ ಮೇಲಧಿಕಾರಿ ಗ್ರಹಾಂ. ಅವನನ್ನು ಮೊದಲ ವಾರದಿಂದಲೇ ಕಂಡರಾಗಲಿಲ್ಲ, ಈಗಲೂ ಆಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದವರನ್ನೂ ಭಾರತದಿಂದ ಬಂದವರನ್ನೂ ಹೋಲಿಸುವುದು ನಮ್ಮ ಕೆಲಸವಾಗಿತ್ತು. ಅವನು ಹೋಲಿಕೆಗೆ ಮೊದಲೇ ಉತ್ತರ ಇಟ್ಟುಕೊಂಡಿದ್ದ. ಭಾರತೀಯರದು ಗಟ್ಟಿ ಕುಟುಂಬ, ದೇವರು ದಿಂಡರು ಇದ್ದಾರೆ, ಒಬ್ಬರಿಗೊಬ್ಬರು ಆಗುತ್ತಾರೆ, ಆದ್ದರಿಂದ ಖಿನ್ನತೆ ಕಡಿಮೆ. ಅವನ ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. ಆಸ್ಟ್ರೇಲಿಯಾದವರ ಕಂಬ ಎತ್ತರ, ನಮ್ಮದು ಗಿಡ್ಡ. ವಾರವಾರವೂ ನಾನು ತಂದುಕೊಟ್ಟ ಅಂಕಿಗಳನ್ನು ಅದಕ್ಕೆ ಸೇರಿಸಿ, ನಿಮ್ಮ ಜನ ಪುಣ್ಯವಂತರು ಎನ್ನುತ್ತಿದ್ದ. ಆಗಸ್ಟಿನಲ್ಲಿ ಮೆಲ್ಬರ್ನಿನ ಒಂದು ಸಭೆಯಲ್ಲಿ ಅದನ್ನು ತೋರಿಸುವುದಿತ್ತು. ನಮ್ಮವರಿಗೂ ಆ ಗಿಡ್ಡ ಕಂಬ ಇಷ್ಟ. ಕನ್ನಡದವರ ಮನೆಗಳಲ್ಲಿ ಅಂಕಲ್‌ಗಳು ನನ್ನ ಫಾರ್ಮ್ ನೋಡಿ, "ಇದೆಲ್ಲಾ ಇಲ್ಲಿಯವರ ಕಾಯಿಲೆ ಕಣಮ್ಮ, ಹದಿನೆಂಟಕ್ಕೇ ಮಕ್ಕಳನ್ನ ಹೊರಗೆ ಹಾಕ್ತಾರಲ್ಲ, ಅವರಿಗೆ ಬರುತ್ತೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಟಿಕ್ ಹಾಕಿಕೊಂಡು ಬರುತ್ತಿದ್ದೆ.

ನನಗೊಂದು ಅಭ್ಯಾಸವಿದೆ. ದಿನಾಂಕ, ಸಮಯ, ಹೋದ ಮನೆ, ಅಲ್ಲಿ ಯಾರು ಯಾರಿದ್ದರು ಎಂಬುದನ್ನೆಲ್ಲ ಡೈರಿಯಲ್ಲಿ ಗೆರೆ ಎಳೆದು ಬರೆದುಕೊಳ್ಳುತ್ತೇನೆ. ಯಾರೂ ಕೇಳಿದ್ದಲ್ಲ. ಬರೆಯದಿದ್ದರೆ ದಿನ ಮುಗಿದಂತೆ ಅನ್ನಿಸುವುದಿಲ್ಲ.

ಜೂನ್ 17, ಗುರುವಾರ, ಸಂಜೆ ಐದೂ ಹತ್ತಕ್ಕೆ ವತ್ಸಲಾ ಅವರ ಮನೆಗೆ ಹೋದೆ. ಇಲ್ಲಿ ಜೂನ್ ಎಂದರೆ ಚಳಿಗಾಲ, ಐದಕ್ಕೆಲ್ಲ ಕತ್ತಲು. ಮನೆ ನಮ್ಮ ಫ್ಲ್ಯಾಟಿನಿಂದ ಎರಡೇ ಬೀದಿ ಆಚೆ. ವತ್ಸಲಾ ಅವರಿಗೆ ಮೂವತ್ತೊಂದು, ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪಾಠ ಮಾಡುತ್ತಿದ್ದವರು. ಗಂಡ ನಾಗೇಂದ್ರ ಎಲೆಕ್ಟ್ರಿಕಲ್ ಎಂಜಿನಿಯರ್. ಬಂದು ಎರಡು ವರ್ಷವಾಗಿದ್ದರೂ ಓದಿಗೆ ತಕ್ಕ ಕೆಲಸ ಸಿಗದೆ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಿದ್ದರು. ಅವರ ತಾಯಿ ಕಮಲಮ್ಮ ಮೈಸೂರಿನಿಂದ ಬಂದು ಆರು ತಿಂಗಳಾಗಿತ್ತು, ಇಲ್ಲೇ ಉಳಿಯಲು ವೀಸಾಕ್ಕೆ ಅರ್ಜಿ ಹಾಕಿದ್ದರು.

ದೇವರ ಗೂಡಿನಲ್ಲಿ ಆಗಷ್ಟೇ ದೀಪ ಹಚ್ಚಿದ್ದರು. ಕಮಲಮ್ಮ ನನ್ನ ಎದುರಿನ ಸೋಫಾದಲ್ಲಿ ಕೂತರು. ಮನೆಗೆ ಬಂದವರ ಹತ್ತಿರ ಸೊಸೆಯೊಬ್ಬಳನ್ನೇ ಬಿಟ್ಟು ಒಳಗೆ ಹೋಗುವುದು ಮರ್ಯಾದೆಯಲ್ಲ. ವತ್ಸಲಾ ಎಲ್ಲಕ್ಕೂ ಒಂದೇ ದನಿಯಲ್ಲಿ ಉತ್ತರಿಸುತ್ತಾ ಹೋದರು. ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಬೇಜಾರಿಲ್ಲ. ಮೈಕೈ ನೋವು ಮಾತ್ರ ಇದೆ, ತಲೆ ಉರಿಯುತ್ತದೆ. ಹದಿನಾರು ಮುಗಿದು ಹದಿನೇಳನೆಯದರ ಮೊದಲ ಮಾತು ನನ್ನ ಬಾಯಿಂದ ಹೊರಟಿತ್ತಷ್ಟೆ.

"ದೀಪ ಹಚ್ಚಿದ ಹೊತ್ತಲ್ಲಿ ಅದೆಂಥ ಮಾತಮ್ಮಾ?" ಎಂದರು ಕಮಲಮ್ಮ. "ಕನ್ನಡದ ಹುಡುಗಿ ಅಂತೀಯ. ನಿಮ್ಮನೇಲಿ ಹೇಳಿಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದರು. ದೀಪದ ಮುಂದೆ ಅಕ್ಕಿ ಇಲ್ಲ ಎನ್ನಬಾರದು, ತುಂಬಿದೆ ಎನ್ನಬೇಕು. ಅಳಬಾರದು, ಸಾವಿನ ಮಾತು ಎತ್ತಲೇಬಾರದು. ನನ್ನ ಅಜ್ಜಿಯಾಗಿದ್ದರೆ ತಲೆಗೆ ಮೊಟಕುತ್ತಿದ್ದಳು. ತಪ್ಪಾಯ್ತು ಎಂದೆ. ಪ್ರಶ್ನೆಯನ್ನು ಪೂರ್ತಿ ಮಾಡಲಿಲ್ಲ. ಇಲ್ಲ ಎಂಬ ಚೌಕದಲ್ಲಿ ನಾನೇ ಟಿಕ್ ಹಾಕಿದೆ. ಒಟ್ಟು ಅಂಕ ಎರಡು.

ಹೊರಡುವಾಗ ವತ್ಸಲಾ ಕುಂಕುಮದ ಬಟ್ಟಲು ಹಿಡಿದು ಬಾಗಿಲವರೆಗೆ ಬಂದರು. "ನೀವು ಬೆಳಿಗ್ಗೆ ಹೊತ್ತು ಯಾರ ಮನೆಗೂ ಹೋಗಲ್ವಾ?" ಎಂದು ಮೆಲ್ಲಗೆ ಕೇಳಿದರು. ಮನೆಯವರೆಲ್ಲ ಸಿಗುವುದು ಸಂಜೆಯೇ, ಅದಕ್ಕೇ ಸಂಜೆ ಬರುತ್ತೇವೆ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಅದು ಒಂದು ಕೋರಿಕೆ ಎಂದು ಹೊಳೆಯಲು ನನಗೆ ಒಂದು ದಿನ ಬೇಕಾಯಿತು.

ಮರುದಿನ ಕಚೇರಿಯಲ್ಲಿ ಡೈರಿ ತೆರೆದು ಎಣಿಸಿದೆ. ಆವರೆಗೆ ಭಾರತದವರ 46 ಮನೆ, ಆಸ್ಟ್ರೇಲಿಯಾದವರ 52. ನಮ್ಮವರ 46ರಲ್ಲಿ 41 ಸಂಜೆಯವು, ಐದು ಬೆಳಗಿನವು. ಆ ಐದೂ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್‌ಗಳದು, ಮನೆಯಲ್ಲಿ ಅವರು ಒಬ್ಬರೇ ಇದ್ದದ್ದು. ಹದಿನೇಳಕ್ಕೆ ಹೌದು ಎಂದವರು: ಸಂಜೆಯ ನಲವತ್ತೊಂದರಲ್ಲಿ ಸೊನ್ನೆ, ಬೆಳಗಿನ ಐದರಲ್ಲಿ ಇಬ್ಬರು. ಇನ್ನೊಂದು ಲೆಕ್ಕ ಬರೆಯಲು ಕೈ ಬರಲಿಲ್ಲ, ಆದರೂ ಬರೆದೆ. ಪ್ರಶ್ನೆಯನ್ನು ಕೇಳದೆಯೇ ನಾನು ಟಿಕ್ ಹಾಕಿದ ದಿನ ಡೈರಿಯ ಅಂಚಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ, ಯಾಕೆಂದು ಎಂದೂ ಯೋಚಿಸಿರಲಿಲ್ಲ. ಚುಕ್ಕಿಗಳು 29. ಆಸ್ಟ್ರೇಲಿಯಾದವರ ಮನೆಗಳಲ್ಲಿ ಚುಕ್ಕಿ ಒಂದೂ ಇಲ್ಲ. ಅಲ್ಲಿ ನನಗೆ ಸಂಕೋಚವೇ ಆಗಿರಲಿಲ್ಲ. ಅಪರಿಚಿತ ಮುದುಕರನ್ನೂ ಹೆಣ್ಣುಮಕ್ಕಳನ್ನೂ ಬೆಳಕಿರಲಿ ಕತ್ತಲಿರಲಿ ಕೇಳಿದ್ದೆ. "ಹೌದು ಲವ್, ಹೋದ ವಾರವೂ ಅನ್ನಿಸಿತು" ಎಂದು ನಾಯಿಯ ತಲೆ ಸವರುತ್ತಾ ಹೇಳಿದವರಿದ್ದರು.

ಗ್ರಹಾಂನ ಬಳಿ ಹೋದೆ. ಚುಕ್ಕಿಗಳ ವಿಷಯ ಬಾಯಿಗೆ ಬರಲಿಲ್ಲ, ಸಂಜೆ ಬೆಳಗಿನ ವ್ಯತ್ಯಾಸ, ದೀಪದ ಮುಂದೆ ಇಂಥ ಮಾತು ಆಡಬಾರದೆಂಬ ರೂಢಿ, ಇಷ್ಟು ಮಾತ್ರ ಹೇಳಿ, ಬೆಳಿಗ್ಗೆ ಮತ್ತೆ ಹೋಗಿ ಕೇಳಲೇ ಎಂದೆ. ಅವನು ಪೆನ್ನು ಕೆಳಗಿಟ್ಟು ನಕ್ಕ. ಇಂಗ್ಲಿಷಿನಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ನಿಮ್ಮ ಜನ ಒಂದು ದೀಪಕ್ಕೆ ಹೆದರಿ ಸುಳ್ಳು ಹೇಳುತ್ತಾರೆಂದು ವರದಿಯಲ್ಲಿ ಬರೆಯಲೇ? ಒಬ್ಬರಿಗೆ ಒಂದೇ ಸಂದರ್ಶನ. ಸಂದರ್ಶಕಿಯೇ ತಪ್ಪು ಮಾಡಿದ್ದರೆ ಮಾತ್ರ ಎರಡನೆಯದು. ನೀನೇನೂ ತಪ್ಪು ಮಾಡಿಲ್ಲವಲ್ಲ?

ಇಲ್ಲ ಎಂದೆ.

ಜೂನ್ 22, ಮಂಗಳವಾರ, ಕಮಲಮ್ಮ ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ಹೋಗುವ ದಿನ ಎಂದು ತಿಳಿದುಕೊಂಡು, ಬೆಳಿಗ್ಗೆ ಹನ್ನೊಂದಕ್ಕೆ ವತ್ಸಲಾ ಅವರ ಬಾಗಿಲು ತಟ್ಟಿದೆ. ಅವರು ಆಶ್ಚರ್ಯಪಡಲಿಲ್ಲ. ನಾನು ಫಾರ್ಮ್ ತೆಗೆದು ಮೊದಲ ಪ್ರಶ್ನೆ ಓದಲು ಹೊರಟೆ.

"ಅದೆಲ್ಲಾ ಬೇಡ ಉಷಾ. ಹದಿನೇಳನೇದು ಕೇಳಿ," ಎಂದರು. "ಅವತ್ತು ನೀವು ಕೇಳಲೇ ಇಲ್ಲ."

ಕೇಳಿದೆ. ಹೌದು ಎಂದರು. ದಿನಾ ಎಂದರು. ಆಮೇಲೆ ಉಳಿದ ಹತ್ತೊಂಬತ್ತಕ್ಕೂ ನಿಧಾನವಾಗಿ ಉತ್ತರ ಕೊಟ್ಟರು. ಅಂಕ ಹದಿನೈದು. ಮೈಸೂರಿನಲ್ಲೂ ಅತ್ತೆಯ ಜೊತೆಗೇ ಇದ್ದದ್ದು, ಅಲ್ಲೂ ಮನೆಯಲ್ಲಿ ಮನಸ್ಸಿನಲ್ಲಿದ್ದದ್ದನ್ನು ಆಡುತ್ತಿರಲಿಲ್ಲವಂತೆ. ಆದರೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ನಾಲ್ಕು ಜನ ಅತ್ತೆ ಗಂಡ ಎಲ್ಲರನ್ನೂ ಬೈದು, ಅತ್ತು, ನಕ್ಕು, ಕೈ ತೊಳೆದು ಕ್ಲಾಸಿಗೆ ಹೋಗುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಮನೆ ಹಿಂದೆಯೇ ಬಂತು, ಸ್ಟಾಫ್ ರೂಮ್ ಬರಲಿಲ್ಲ. ತಿಂಗಳಿಗೊಮ್ಮೆ ಅಮ್ಮನಿಗೆ ಫೋನ್ ಮಾಡಿದರೆ ಮೂರು ನಿಮಿಷ ಚೆನ್ನಾಗಿದ್ದೀನಿ ಎನ್ನುವುದರಲ್ಲೇ ಮುಗಿಯುತ್ತದೆ. ಗ್ರಹಾಂ ಗಟ್ಟಿ ಕುಟುಂಬ ಎಂದದ್ದು ಸುಳ್ಳಲ್ಲ. ಆ ಗಟ್ಟಿ ಗೋಡೆಗೆ ಊರಿನಲ್ಲಿ ಒಂದು ಕಿಟಕಿ ಇತ್ತು, ಅಷ್ಟೆ.

ಇವತ್ತೇ ವೈದ್ಯರ ಹತ್ತಿರ ಹೋಗೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ತಲೆಯಲ್ಲಾಡಿಸಿದರು. "ನಾನಾಗಿ ಹೋದ್ರೆ ಯಾಕೆ ಅಂತಾರೆ. ನಿಮ್ಮ ಆಫೀಸಿಂದ ಕಾಗದ ಬಂದ್ರೆ ಹೋಗ್ಬಹುದು. ಸರ್ಕಾರದ ಕಾಗದಕ್ಕೆ ಇವ್ರು ಎದುರು ಮಾತಾಡಲ್ಲ." ಅತ್ತೆ ಬರುವವರೆಗೂ ಅವರ ಜೊತೆ ಕೂತಿದ್ದು, ಸಂಜೆ ಫೋನ್ ಮಾಡುತ್ತೇನೆಂದು ಹೇಳಿ ಕಚೇರಿಗೆ ಓಡಿದೆ.

ಕಾಗದ ಹೊರಡಲು ಒಂದೇ ದಾರಿ ಇತ್ತು. ಡೈರಿಯನ್ನು ಗ್ರಹಾಂನ ಮೇಜಿನ ಮೇಲೆ ತೆರೆದಿಟ್ಟೆ. ಜೂನ್ 17ರ ಫಾರ್ಮಿನಲ್ಲಿ ಹದಿನೇಳನೇ ಪ್ರಶ್ನೆಯನ್ನು ನಾನು ಕೇಳಿಲ್ಲ, ಟಿಕ್ ನನ್ನದು, ಇದು ಸಂದರ್ಶಕಿಯ ತಪ್ಪು, ಆದ್ದರಿಂದ ಎರಡನೇ ಸಂದರ್ಶನ ನಿಯಮದ ಪ್ರಕಾರವೇ ಆಗಿದೆ ಎಂದೆ. ಅವನು ಪುಟ ತಿರುವಿದ. ಅಂಚಿನ ಚುಕ್ಕಿಗಳು ಏನೆಂದು ಕೇಳಿದ. ಅದನ್ನೂ ಹೇಳಿದೆ. ಅವನ ಮುಖ ಕೆಂಪಾಯಿತು. ನೀನು ಏಳು ವಾರದ ಕೆಲಸವನ್ನು ಹಾಳು ಮಾಡಿದ್ದೀಯ ಎಂದ. ನಿಮ್ಮ ಚಾರ್ಟಿನಲ್ಲಿ ಎರಡು ದೇಶಗಳ ನಡುವೆ ಕಾಣುವ ಅಂತರದಲ್ಲಿ ಒಂದು ಪಾಲು ಕೇಳಿದ ಮನೆಗೂ ಕೇಳದ ಮನೆಗೂ ಇರುವ ಅಂತರ ಎಂದು ನಾನೆಂದೆ. ಆ ಮಾತಿನಲ್ಲಿ ನನಗೆ ಖುಷಿಯಿತ್ತು, ಮುಚ್ಚಿಡುವುದಿಲ್ಲ. ಅವನು ಕಾಗದಕ್ಕೆ ಸಹಿ ಹಾಕಿದ. ಅದರ ಬೆನ್ನಿಗೇ ನನ್ನನ್ನು ಕೆಲಸದಿಂದ ತೆಗೆದ ಪತ್ರಕ್ಕೂ ಹಾಕಿದ. ಎರಡನೆಯ ಸಹಿ ಹೆಚ್ಚು ಸ್ಫುಟವಾಗಿತ್ತು.

ಜೂನ್ 25, ಶುಕ್ರವಾರ ಸಂಜೆ ನಾಗೇಂದ್ರ ಆ ಕಾಗದ ಹಿಡಿದು ನಮ್ಮ ಫ್ಲ್ಯಾಟಿಗೆ ಬಂದರು. ಒಳಗೆ ಬರಲಿಲ್ಲ.

"ನಮ್ಮನೆ ಹೆಣ್ಮಗಳಿಗೆ ತಲೆ ಕೆಟ್ಟಿದೆ ಅಂತ ಬರೆಯೋಕೆ ನೀವ್ಯಾರ್ರೀ? ಮದುವೆ ಇಲ್ಲ, ಸಂಸಾರ ಇಲ್ಲ. ಕಾಫಿ ಕುಡಿದ ಮನೆಗೇ ಬೆಂಕಿ ಇಡ್ತೀರಲ್ಲ."

ಅಣ್ಣ ಎದ್ದು ಬರುತ್ತಿದ್ದ. ನಾನು ಬೇಡವೆಂದೆ. ಈ ಕಾಗದ ಇಮಿಗ್ರೇಷನ್ನಿಗೆ ಹೋಗುತ್ತದೆಯೇ, ಅಮ್ಮನ ವೀಸಾಕ್ಕೆ ತೊಂದರೆಯೇ ಎಂದು ನಾಗೇಂದ್ರ ಎರಡೆರಡು ಸಲ ಕೇಳಿದರು. ವೈದ್ಯರ ಹೊರತು ಯಾರಿಗೂ ಹೋಗುವುದಿಲ್ಲ ಎಂದೆ. ಅವರ ಸಿಟ್ಟಿನಲ್ಲಿ ಭಯವೇ ಹೆಚ್ಚಿತ್ತೆಂದು ಆಗ ಗೊತ್ತಾಯಿತು, ಆದರೂ ನನಗೆ ಕರುಣೆ ಬರಲಿಲ್ಲ. ಮೆಟ್ಟಿಲು ಇಳಿಯಲು ಹೊರಟವರು ನಿಂತರು.

"ಅವಳು ಏನಂದಳು ನಿಮ್ಮ ಹತ್ರ?"

"ಅವರನ್ನೇ ಕೇಳಿ. ಬೆಳಿಗ್ಗೆ ಕೇಳಿ, ಅಮ್ಮ ಇಲ್ಲದಾಗ."

ಶನಿವಾರ ಬೆಳಿಗ್ಗೆ ಕೇಳಿದರಂತೆ. ಸೋಮವಾರ ಗೋದಾಮಿಗೆ ರಜೆ ಹಾಕಿ, ಅವರೇ ಕಾರಿನಲ್ಲಿ ಹೆಂಡತಿಯನ್ನು ವೈದ್ಯರ ಬಳಿ ಕರೆದುಕೊಂಡು ಹೋದರು. ಇದನ್ನು ವತ್ಸಲಾ ನನಗೆ ಹೇಳಿದ್ದು. ನಾಗೇಂದ್ರ ಇಂದಿಗೂ ನನ್ನನ್ನು ಮಾತಾಡಿಸುವುದಿಲ್ಲ. ವತ್ಸಲಾ ಗುಣವಾಗಲು ವರ್ಷದ ಮೇಲೆ ಹಿಡಿಯಿತು, ನಡುವೆ ಎರಡು ಸಲ ಮತ್ತೆ ಖಿನ್ನತೆಗೆ ಜಾರಿದರು.

ಆಗಸ್ಟಿನಲ್ಲಿ ಗ್ರಹಾಂ ಮೆಲ್ಬರ್ನಿನಲ್ಲಿ ಅದೇ ಚಾರ್ಟನ್ನು ತೋರಿಸಿದ. ಗಿಡ್ಡ ಕಂಬ ಹಾಗೇ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಕೆಲವು ಉತ್ತರಗಳಲ್ಲಿ ಸಂದರ್ಶಕಿಯ ತಪ್ಪಿರಬಹುದು ಎಂಬ ಸಾಲಿತ್ತು. ಆ ಸಾಲು ನಾನು. ಮರುವರ್ಷ ನಾನೂ ಮೆಲ್ಬರ್ನಿಗೆ ಬಂದೆ. ಇಲ್ಲಿಯ ಕನ್ನಡದವರ ಕೂಟಗಳಲ್ಲೂ ಹಿರಿಯರು ಮೈಕ್ ಹಿಡಿದು, ನಮ್ಮ ಸಂಸ್ಕೃತಿಯಲ್ಲಿ ಡಿಪ್ರೆಷನ್ ಎಂಬುದೇ ಇಲ್ಲ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ನಾನು ತಟ್ಟುವುದಿಲ್ಲ. ಒಂದು ದೇಶದವರ ದುಃಖ ಕಡಿಮೆ, ಇನ್ನೊಂದು ದೇಶದವರದು ಹೆಚ್ಚು ಎಂಬ ಪಟ್ಟಿ ಕಂಡಾಗ, ಕೇಳಿದ್ದು ಎಷ್ಟು ಹೊತ್ತಿಗೆ, ಕೋಣೆಯಲ್ಲಿ ಇನ್ಯಾರಿದ್ದರು ಎಂದು ವಿಚಾರಿಸುತ್ತೇನೆ. ಉತ್ತರ ಕೊಟ್ಟವರು ಈವರೆಗೆ ಇಬ್ಬರು. ಸಮಾಜ ದುಃಖವನ್ನು ಎಷ್ಟು ಹೆಚ್ಚಿಸುತ್ತದೆ, ಎಷ್ಟು ಕಡಿಮೆ ಮಾಡುತ್ತದೆ ಎಂದು ಹೇಳುವ ವಿದ್ಯೆ ನನಗಿಲ್ಲ. ಅದನ್ನು ಎಲ್ಲಿ, ಯಾವಾಗ, ಯಾರ ಮುಂದೆ ಆಡಬಹುದು ಎಂಬುದನ್ನಂತೂ ಅದೇ ತೀರ್ಮಾನಿಸುತ್ತದೆ. ನನ್ನ ಕೈಯ ಪೆನ್ನೂ ಅದರ ಮಾತು ಕೇಳುತ್ತದೆ. ಆ ಕೆಲಸ ಕಲಿಸಿದ್ದು ಇಷ್ಟು.

ನನಗೀಗ ಮೂವತ್ತು. ವತ್ಸಲಾ ಸಿಡ್ನಿಯಲ್ಲೇ ಒಂದು ನರ್ಸರಿಯಲ್ಲಿ ಗಿಡಗಳ ಕೆಲಸದಲ್ಲಿದ್ದಾರೆ. ಸಂಜೆ ಫೋನ್ ಮಾಡಿದರೆ ಗಂಡನ ಕೆಲಸ, ಅತ್ತೆಯ ಮಂಡಿನೋವು, ಎಲ್ಲ ಚೆನ್ನಾಗಿದೆ. ನಿಜ ಹೇಳಬೇಕೆನಿಸಿದಾಗ ಮಾತ್ರ ಅವರೇ ಮಾಡುತ್ತಾರೆ, ಬೆಳಿಗ್ಗೆ ಹನ್ನೊಂದಕ್ಕೆ. ಈ ವರ್ಷ ಡೈರಿಯಲ್ಲಿ ಅಂಥವು ಒಂಬತ್ತಿವೆ.